ಸ್ಪೋರ್ಟ್ಸ್ ಕಾರಿಗೆ ಗಟ್ಟಿ ಸಸ್ಪೆನ್ಷನ್ನೋ, ಮೆದು ಸಸ್ಪೆನ್ಷನ್ನೋ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಇಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಗೆಳೆಯರಲ್ಲಿ ಕಾರಿನ ಹುಚ್ಚು ಇರುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ: “ಸ್ಪೋರ್ಟ್ಸ್ ಕಾರು ತಗೊಳ್ತಾ ಇದ್ದೀನಿ. ಟ್ರ್ಯಾಕಿಗೆ ಹೊಂದೋ ಗಟ್ಟಿ ಸಸ್ಪೆನ್ಷನ್ ಆರಿಸಲಾ, ಆರಾಮದ್ದೇ ಸಾಕಾ?” ವರ್ಷದಲ್ಲಿ ನಾಲ್ಕಾರು ಸಲವಾದರೂ ರೇಸ್ ಟ್ರ್ಯಾಕಿಗೆ ಹೋಗಿ, ಅದಕ್ಕೆಂದೇ ಹೆಚ್ಚು ಹಿಡಿತದ ಟೈರುಗಳನ್ನು ಹಾಕಿಸುವವರನ್ನು ಬಿಟ್ಟರೆ ಉಳಿದವರೆಲ್ಲರೂ ಮೆದುವಾದದ್ದನ್ನೇ ಆರಿಸಬೇಕು ಎಂಬುದು ನನ್ನ ಉತ್ತರ. ಆರಾಮಕ್ಕಾಗಿ ವೇಗವನ್ನು ಬಿಟ್ಟುಕೊಡಿ ಎಂಬ ಅರ್ಥದಲ್ಲಿ ಇದನ್ನು ಹೇಳುತ್ತಿಲ್ಲ. ಉಬ್ಬುತಗ್ಗಿನ ಸಾಮಾನ್ಯ ರಸ್ತೆಯಲ್ಲಿ ಎಷ್ಟೋ ಸಲ ಮೆದುವಾದ ಕಾರೇ ಹೆಚ್ಚು ವೇಗವಾಗಿಯೂ ಹೋಗುತ್ತದೆ.

ಈ ಆಯ್ಕೆಯನ್ನು ಅಂಕಿಗಳ ಸಮೇತ ಅರ್ಥ ಮಾಡಿಕೊಳ್ಳುವುದಕ್ಕೆ ಫ್ರಾನ್ಸಿನ ಡಿಯೆಪ್‌ನಲ್ಲಿ ತಯಾರಾದ ಆಲ್ಪೀನ್ ಎ110 ಎಂಬ ಸ್ಪೋರ್ಟ್ಸ್ ಕಾರಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. 2017ರಲ್ಲಿ ಅದು ಹೊರಬಂದಾಗ ಅದರ ತೂಕ ಸುಮಾರು 1,100 ಕೆಜಿ. ಎಂಜಿನ್ ಸೀಟಿನ ಹಿಂಬದಿಯಲ್ಲಿ. ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಸ್ಪ್ರಿಂಗುಗಳು ಮಾತ್ರ ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ಅಚ್ಚರಿಯಾಗುವಷ್ಟು ಮೆದು. 2019ರಲ್ಲಿ ಅದೇ ಕಂಪನಿ ಎ110ಎಸ್ ಎಂಬ ಗಟ್ಟಿ ಅವತರಣಿಕೆಯನ್ನು ತಂದಿತು. ಅದರ ಸ್ಪ್ರಿಂಗುಗಳು ಶೇ. 50ರಷ್ಟು, ಆ್ಯಂಟಿ-ರೋಲ್ ಬಾರ್‌ಗಳು (ಕಾರು ವಾಲುವುದನ್ನು ತಡೆಯುವ ಸರಳುಗಳು) ಶೇ. 100ರಷ್ಟು ಹೆಚ್ಚು ಗಟ್ಟಿ. ಕಾರಿನ ಎತ್ತರ 4 ಮಿ.ಮೀ. ಕಡಿಮೆ. ಮುಂದೆ 300 ಅಶ್ವಶಕ್ತಿಯ ಒಂದೇ ಎಂಜಿನ್ನನ್ನು ಮೆದು ಸಸ್ಪೆನ್ಷನ್ನಿನ ಜಿಟಿ ಮತ್ತು ಗಟ್ಟಿ ಸಸ್ಪೆನ್ಷನ್ನಿನ ಎಸ್ ಎರಡರಲ್ಲೂ ಕೊಟ್ಟಿದ್ದರಿಂದ, ಕೊಳ್ಳುವವರಿಗೆ ನಮ್ಮ ಈ ಪ್ರಶ್ನೆ ಬೇರಾವ ಗೊಂದಲವೂ ಬೆರೆಯದೆ ಎದುರಾಯಿತು.

ಸ್ಪ್ರಿಂಗು ಶೇ. 50ರಷ್ಟು ಗಟ್ಟಿಯಾದರೆ ಬೆನ್ನಿಗೆ ಬೀಳುವ ಪೆಟ್ಟೂ ಒಂದೂವರೆ ಪಟ್ಟಾಗುತ್ತದೆ ಎಂದು ಹಲವರು ಹೆದರುತ್ತಾರೆ. ಸ್ಪ್ರಿಂಗಿನ ಮೇಲೆ ಕುಳಿತ ಕಾರಿನ ಮೈ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂಬುದು ಸ್ಪ್ರಿಂಗಿನ ಗಡಸಿನ ವರ್ಗಮೂಲವನ್ನು ಅವಲಂಬಿಸಿರುವುದರಿಂದ, ಆ ಲೆಕ್ಕ ಹೆಚ್ಚುವುದು ಸುಮಾರು ಶೇ. 22ರಷ್ಟು ಮಾತ್ರ. ದಿನನಿತ್ಯದ ಕುಟುಂಬದ ಕಾರಿನಲ್ಲಿ ಅದು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ, ಬಿಗಿಯಾದ ಸ್ಪೋರ್ಟ್ಸ್ ಕಾರಿನಲ್ಲಿ ಎರಡರ ಆಸುಪಾಸು, ರೇಸ್ ಕಾರಿನಲ್ಲಿ ಇನ್ನೂ ಮೇಲೆ. ನನ್ನ ಮಟ್ಟಿಗೆ ರಸ್ತೆಯಲ್ಲಿ ನಿಜವಾಗಿ ಕಾಡುವುದು ಸ್ಪ್ರಿಂಗಿಗಿಂತ ಆ್ಯಂಟಿ-ರೋಲ್ ಬಾರ್. ಎಡ ಬಲ ಚಕ್ರಗಳನ್ನು ಬೆಸೆಯುವ ಈ ಸರಳು ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುತ್ತದೆ, ನಿಜ. ಆದರೆ ಎಡಗಡೆಯ ಚಕ್ರವೊಂದೇ ಗುಂಡಿಗಿಳಿದಾಗ ಆ ಅಲುಗಾಟವನ್ನು ಬಲಗಡೆಗೂ ಹಂಚುತ್ತದೆ. ಕಾಲುವೆ ಪೈಪಿಗಾಗಿ ಅಗೆದು ತೇಪೆ ಹಾಕಿದ ಇಲ್ಲಿನ ಹಳ್ಳಿ ರಸ್ತೆಗಳಲ್ಲಿ ಗಟ್ಟಿ ಬಾರ್ ಇರುವ ಕಾರು ಓಡಿಸಿದರೆ, ಕಾರು ನೇರವಾಗಿ ಸಾಗುತ್ತಿದ್ದರೂ ತಲೆ ಎಡಕ್ಕೂ ಬಲಕ್ಕೂ ತೊನೆಯುತ್ತಲೇ ಇರುತ್ತದೆ. ನಡುಗೆರೆಯ ಮೇಲೆ ಹುದುಗಿಸಿದ ಪ್ರತಿಫಲಕಗಳನ್ನು ದಾಟಿ ಮುಂದಿನ ವಾಹನವನ್ನು ಹಿಂದೆ ಹಾಕುವಾಗ ಒಂದೊಂದರ ಕುಟ್ಟೂ ಸೊಂಟಕ್ಕೆ ತಿಳಿಯುತ್ತದೆ.

ವೇಗದ ಮಾತಿಗೆ ಬರುವುದಾದರೆ, ಹಿಡಿತ ಹುಟ್ಟುವುದು ಟೈರು ನೆಲವನ್ನು ಒತ್ತಿದಾಗ. ಆ ಒತ್ತಡ ಒಂದೇ ಸಮನಾಗಿದ್ದರೆ ಹಿಡಿತ ಹೆಚ್ಚು, ಏರಿಳಿಯುತ್ತಿದ್ದರೆ ಸರಾಸರಿ ಹಿಡಿತ ಕಡಿಮೆ. ತಿರುವಿನ ನಡುವೆ ಉಬ್ಬು ಸಿಕ್ಕಾಗ ಗಟ್ಟಿ ಕಾರಿನ ಚಕ್ರ ಕ್ಷಣಕಾಲ ಹಗುರವಾಗಿ ಕಾರು ಅರ್ಧ ಅಡಿ ಆಚೆಗೆ ಜಿಗಿಯುತ್ತದೆ, ಚಾಲಕ ತನಗೇ ಅರಿವಿಲ್ಲದೆ ಆ್ಯಕ್ಸಿಲರೇಟರಿನಿಂದ ಕಾಲೆತ್ತುತ್ತಾನೆ. ಮೆದು ಕಾರಿನ ಚಕ್ರ ಅದೇ ಉಬ್ಬನ್ನು ಏರಿ ಇಳಿಯುತ್ತದೆ. ಮೈ ಸ್ವಲ್ಪ ವಾಲುತ್ತದೆಯೇ ಹೊರತು ಹಿಡಿದ ದಾರಿ ತಪ್ಪುವುದಿಲ್ಲ. ಎ110ರಲ್ಲಿ ಅಷ್ಟು ಮೆದು ಸ್ಪ್ರಿಂಗುಗಳನ್ನು ಬಳಸಲು ಸಾಧ್ಯವಾದದ್ದಕ್ಕೆ ಒಂದು ಕಾರಣ ಕಡಿಮೆ ತೂಕವಾದರೆ, ಇನ್ನೊಂದು ಅದರ ಹೈಡ್ರಾಲಿಕ್ ಬಂಪ್ ಸ್ಟಾಪ್, ಅಂದರೆ ಕುಸಿತದ ಕೊನೆಯಲ್ಲಿ ಸಸ್ಪೆನ್ಷನ್ನನ್ನು ತಡೆದು ನಿಲ್ಲಿಸುವ, ಎಣ್ಣೆಯಿಂದ ಕೆಲಸ ಮಾಡುವ ಭಾಗ. ಸಸ್ಪೆನ್ಷನ್ ಪೂರ್ತಿ ಕುಸಿದಾಗ ರಬ್ಬರಿನ ಸ್ಟಾಪ್ ಆ ಶಕ್ತಿಯನ್ನು ಹಿಡಿದಿಟ್ಟು ಪುಟಿದು ಹಿಂತಿರುಗಿಸುತ್ತದೆ; ಎಣ್ಣೆಯ ಸ್ಟಾಪ್ ಅದನ್ನು ಬಿಸಿಯಾಗಿಸಿ ಕರಗಿಸಿಬಿಡುತ್ತದೆ.

ಹಾಗಿದ್ದರೆ ಗಟ್ಟಿ ಸಸ್ಪೆನ್ಷನ್ ಯಾರಿಗೆ ಬೇಕು? ಟ್ರ್ಯಾಕ್ ಡೇ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಮುಗಿಸಿ ಬಂದ ಮೆದು ಕಾರಿನ ಮುಂದಿನ ಟೈರುಗಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ನೋಡಿ. ನಡುವಿನ ಗೆರೆಗಳು ಇನ್ನೂ ಆಳವಾಗಿರುತ್ತವೆ, ಹೊರ ಅಂಚು ಮಾತ್ರ ಉಂಡೆಯಾಗಿ ಸವೆದು ಎಳೆ ಎಳೆಯಾಗಿ ಸುಲಿದಿರುತ್ತದೆ. ಮೈ ಹೆಚ್ಚು ವಾಲಿದಂತೆ ಚಕ್ರವೂ ಹೊರಕ್ಕೆ ವಾಲಿ, ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ಬಾಗಿರುವುದು) ಕಳೆದುಕೊಂಡು, ಟೈರು ಅಂಚಿನ ಮೇಲೆ ನಿಲ್ಲುವುದರ ಗುರುತು ಅದು. ನಯವಾದ ಟ್ರ್ಯಾಕಿನಲ್ಲಿ ಉಬ್ಬುಗಳ ಚಿಂತೆ ಕಡಿಮೆ, ತಿರುವಿನ ಬಲ ಹೆಚ್ಚು. ಮಿಶ್ಲನ್ ಕಪ್ 2ರಂಥ ಟೈರು ಹಾಕಿದರೆ ಆ ಬಲ ಇನ್ನೂ ಏರುವುದರಿಂದ ವಾಲುವಿಕೆಯೂ ಏರುತ್ತದೆ. ಅಂಥ ಟೈರಿಗೆ ಗಟ್ಟಿ ಸಸ್ಪೆನ್ಷನ್ ಬೇಕೇ ಬೇಕು, ಅದರಲ್ಲಿ ವಾದವಿಲ್ಲ.

ಗುಂಡಿ ಒತ್ತಿದರೆ ಬದಲಾಗುವ ಅಡಾಪ್ಟಿವ್ ಡ್ಯಾಂಪರ್ (ಸ್ಪ್ರಿಂಗಿನ ಕುಣಿತವನ್ನು ಅಡಗಿಸುವ ಭಾಗ) ಇದ್ದರೆ ಎರಡೂ ಸಿಕ್ಕಂತಲ್ಲವೇ ಎನ್ನುವವರಿದ್ದಾರೆ. ಬಹುತೇಕ ಕಾರುಗಳಲ್ಲಿ ಆ ಗುಂಡಿ ಬದಲಿಸುವುದು ಡ್ಯಾಂಪರನ್ನು ಮಾತ್ರ. ಸ್ಪ್ರಿಂಗು ಮತ್ತು ಬಾರ್ ಹೇಗಿದ್ದವೋ ಹಾಗೇ ಇರುತ್ತವೆ. ಬಜೆಟ್ ಇದ್ದರೆ ಹಾಕಿಸಿಕೊಳ್ಳಿ, ಆದರೆ ಆಧಾರದ ಸ್ಪ್ರಿಂಗು ಯಾವುದೆಂದು ಮೊದಲು ವಿಚಾರಿಸಿ.

ಎ110 ಭಾರತದಲ್ಲಿ ಮಾರಾಟಕ್ಕಿಲ್ಲ. ಆದರೂ ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈನ ರೇಸ್ ಟ್ರ್ಯಾಕಿಗೆ ಹೋಗಿಬರುವ ಹುಡುಗರು ತಮ್ಮ ಕಾರಿಗೆ ಲೋವರಿಂಗ್ ಸ್ಪ್ರಿಂಗ್ (ಕಾರನ್ನು ತಗ್ಗಿಸುವ ಗಟ್ಟಿ ಸ್ಪ್ರಿಂಗು) ಹಾಕಿಸಲೇ ಎಂದು ಇದನ್ನೇ ಬೇರೆ ರೂಪದಲ್ಲಿ ಕೇಳುತ್ತಾರೆ. ಟ್ರ್ಯಾಕ್ ಮುಟ್ಟುವುದಕ್ಕೆ ಮುಂಚೆ ಮನೆಯ ಬೀದಿಯ ಹಂಪ್‌ಗಳನ್ನು ದಾಟಬೇಕಲ್ಲ! ಅವರಿಗೆ ನಾನು ಹೇಳುವುದು ಹೆಚ್ಚು ಬಿಸಿ ತಡೆಯುವ ಬ್ರೇಕ್ ಆಯಿಲ್, ಒಳ್ಳೆಯ ಬ್ರೇಕ್ ಪ್ಯಾಡ್, ಒಂದಿಷ್ಟು ನೆಗೆಟಿವ್ ಕ್ಯಾಂಬರ್ ಕೊಟ್ಟ ಅಲೈನ್‌ಮೆಂಟ್, ಇಷ್ಟನ್ನೇ. ಮೆದು ಕಾರನ್ನು ಇಷ್ಟರಿಂದ ಟ್ರ್ಯಾಕಿಗೆ ಸಾಕಷ್ಟು ಹೊಂದಿಸಬಹುದು. ಗಟ್ಟಿ ಕಾರನ್ನು ಮೆದು ಮಾಡಬೇಕೆಂದರೆ ಸ್ಪ್ರಿಂಗು, ಡ್ಯಾಂಪರ್, ಬಾರ್ ಎಲ್ಲವನ್ನೂ ಬಿಚ್ಚಬೇಕು.

ಇಷ್ಟಾದರೂ ಮನಸ್ಸು ತೂಗುತ್ತಿದ್ದರೆ ಎರಡೂ ಕಾರುಗಳನ್ನು ಟೆಸ್ಟ್ ಡ್ರೈವಿಗೆ ಕೇಳಿ, ಆದರೆ ಷೋರೂಮಿನವರು ಕರೆದೊಯ್ಯುವ ನುಣುಪು ಹೆದ್ದಾರಿಗೆ ಒಪ್ಪಬೇಡಿ. ನೀವು ದಿನವೂ ಓಡಾಡುವ ದಾರಿಯಲ್ಲೇ, ಪಕ್ಕದ ಸೀಟಿನಲ್ಲಿ ಮನೆಯವರನ್ನು ಕೂರಿಸಿಕೊಂಡು, ಕನಿಷ್ಠ ಅರ್ಧ ಗಂಟೆ ಓಡಿಸಿ. ಮೊದಲ ಹತ್ತು ನಿಮಿಷ ಗಟ್ಟಿ ಕಾರೇ ಚುರುಕೆನಿಸುತ್ತದೆ. ಆ ಹತ್ತು ನಿಮಿಷವನ್ನು ಲೆಕ್ಕಕ್ಕೆ ಹಿಡಿಯಬೇಡಿ.