ಪ್ರಾಂಪ್ಟರ್ ದೆವ್ವದ ಹಾಡು: ನಮ್ಮ ಕಿರುಚಿತ್ರ ಎಲ್ಲಿಗೆ ಬಂತು

ಐದು ತಿಂಗಳಾಯಿತು. ಸ್ಕ್ರಿಪ್ಟ್ ಮುಗಿದಿದೆ, ಮೂರು ಹಾಡು ರೆಕಾರ್ಡ್ ಆಗಿವೆ, ಶೂಟಿಂಗ್ ಮುಕ್ಕಾಲು ಮುಗಿದಿದೆ. ಎಲ್ಲಕ್ಕಿಂತ ದೊಡ್ಡ ಸುದ್ದಿ ಅಂದರೆ ದೆವ್ವ ಕೊನೆಗೂ ಕ್ಯಾಮೆರಾದಲ್ಲಿ ಕಾಣಿಸಿಕೊಂಡಿತು. ಕಂಪ್ಯೂಟರಿನಲ್ಲಿ ಸೇರಿಸಿದ್ದಲ್ಲ, ಶೂಟ್ ಮಾಡುವಾಗಲೇ ಕಂಡಿದ್ದು.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಒಂದು ಹವ್ಯಾಸಿ ನಾಟಕ ತಂಡ. ನಾಳೆ ಪ್ರದರ್ಶನ, ಇವತ್ತು ರಾತ್ರಿ ಕೊನೆಯ ತಾಲೀಮು. ಯಾರಿಗೂ ಮಾತು ಪೂರ್ತಿ ಬಾಯಿಪಾಠ ಆಗಿಲ್ಲ. ನಾಯಕ ಒಂದು ಸಾಲಿನಲ್ಲಿ ತಡವರಿಸಿ ನಿಲ್ಲುತ್ತಾನೆ. ರಂಗದ ಪಕ್ಕದ ಮರೆಯ, ಅಂದರೆ ಸೈಡ್ ವಿಂಗಿನ, ಕತ್ತಲಿಂದ ಯಾರೋ ಮುಂದಿನ ಮಾತನ್ನು ಪಿಸುಗುಟ್ಟುತ್ತಾರೆ. ಅವನು ಆ ಮಾತು ಹಿಡಿದು ಮುಂದುವರಿಯುತ್ತಾನೆ. ಎರಡು ನಿಮಿಷ ಕಳೆದ ಮೇಲೆ ನೆನಪಾಗುತ್ತದೆ: ಮರೆತ ಮಾತು ಹೇಳಿಕೊಡುವ ಪ್ರಾಂಪ್ಟರೇ ಈ ತಂಡಕ್ಕೆ ಇಲ್ಲ. ಎಲ್ಲರಿಗೂ ಓಡಿಹೋಗಬೇಕು ಅನ್ನಿಸುತ್ತದೆ. ಆದರೆ ಓಡಿಹೋದರೆ ನಾಳೆ ಮಾತು ಹೇಳಿಕೊಡುವವರು ಯಾರು?

ಇದು ಹುಟ್ಟಿದ್ದು ನಾನು ವಿಂಗಿನಲ್ಲಿ ನಿಂತು ಕಳೆದ ವರ್ಷಗಳಿಂದ. ಪ್ರಾಂಪ್ಟ್ ಮಾಡುವುದು ಅಂದರೆ ಪುಸ್ತಕ ನೋಡಿ ಓದುವುದಲ್ಲ. ನಟ ಬೇಕೆಂದೇ ಸುಮ್ಮನಾದನೋ ಅಥವಾ ಮರೆತನೋ ಅಂತ ಅರೆಕ್ಷಣದಲ್ಲಿ ತಿಳಿಯಬೇಕು. ನಾನು ಕಂಡಂತೆ, ಮರೆತವನ ಕಣ್ಣಿಗಿಂತ ಮೊದಲು ಕೈ ನಿಲ್ಲುತ್ತದೆ. ಆಗ ಪೂರ್ತಿ ಸಾಲು ಕೊಡಬಾರದು. ಮೊದಲ ಒಂದೆರಡು ಪದ ಸಾಕು, ಅದೂ ಬರೀ ಉಸಿರಿನಲ್ಲಿ. ಆ ಪದ ತಲುಪಿದ ಕ್ಷಣ ನಟನ ಭುಜ ಸಡಿಲವಾಗುತ್ತದಲ್ವಾ, ಅದನ್ನು ನೋಡುವ ಸುಖವೇ ಬೇರೆ. ಪ್ರೇಕ್ಷಕರಿಗೆ ಅದು ಎಂದೂ ಗೊತ್ತಾಗುವುದಿಲ್ಲ. ಹಾಗೆ ಜೀವನವಿಡೀ ಕಾಣದೆ ಉಳಿದ ಒಬ್ಬ ಮೇಷ್ಟ್ರು ಸತ್ತ ಮೇಲೂ ಅದೇ ಜಾಗದಲ್ಲಿ ನಿಂತಿದ್ದರೆ? ಇಷ್ಟೇ ನನ್ನ ಕಥೆ.

ಬರವಣಿಗೆ

ಮೊದಲ ಡ್ರಾಫ್ಟಿನಲ್ಲಿ ತಂಡದವರನ್ನು ಗೇಲಿ ಮಾಡಿದ್ದೆ. ಮೀಸೆ ಕಳಚುವುದು, ಬಾಗಿಲು ಬೀಳುವುದು, ಕತ್ತಿ ಬಾಗುವುದು. ಓದಿದಾಗ ನಗು ಬಂತು, ಆಮೇಲೆ ಬೇಸರವಾಯಿತು. ದಿನವಿಡೀ ಕೆಲಸ ಮಾಡಿ ರಾತ್ರಿ ತಾಲೀಮಿಗೆ ಬರುವವರು ಅವರು. ಅವರ ಶ್ರದ್ಧೆಯನ್ನು ನೋಡಿ ನಗುವುದು ನನಗೆ ಬೇಡವಾಗಿತ್ತು.

ಹಾಗಾಗಿ ಒಂದು ನಿಯಮ ಮಾಡಿಕೊಂಡೆವು. ಈ ಚಿತ್ರದಲ್ಲಿರುವ ಯಾರಿಗೂ ಇದು ಕಾಮಿಡಿ ಅಂತ ಗೊತ್ತಿರಬಾರದು. ಮೀಸೆ ಈಗಲೂ ಕಳಚುತ್ತದೆ. ಆದರೆ ನಟ ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ದೆವ್ವದ ಕಡೆ ತಿರುಗಿ, ನಡುಗುತ್ತಲೇ ಕೇಳುತ್ತಾನೆ: “ಮೇಷ್ಟ್ರೇ, ಇನ್ನೊಂದ್ಸಲ ಹೇಳಿ, ಸರಿಯಾಗಿ ಕೇಳಿಸ್ಲಿಲ್ಲ.” ಭಯ ನಿಜ, ನಾಟಕದ ಮೇಲಿನ ಆಸೆಯೂ ನಿಜ. ಅವೆರಡು ಗುದ್ದಾಡುವ ಜಾಗದಲ್ಲಿ ನಗು ತಾನಾಗಿ ಬರುತ್ತದೆ. ಒಂಬತ್ತು ಪುಟದ ಸ್ಕ್ರಿಪ್ಟಿನಲ್ಲಿ ನನಗೆ ಅತಿ ಇಷ್ಟವಾದ ಮಾತು ಅದೇ.

ಹಾಡು

ಮ್ಯೂಸಿಕಲ್ ಅಂದ ಮೇಲೆ ಹಾಡು ಮೊದಲು, ಶೂಟಿಂಗ್ ಆಮೇಲೆ. ಮೇಷ್ಟ್ರ ಹಾಡಿನ ಪಲ್ಲವಿ ಹೀಗಿದೆ:

ಮರೆತ ಮಾತು ನನ್ನ ಬಳಿ
ಕಿವಿಯ ಕೊಟ್ಟು ಕೇಳು ಬಾ
ದೀಪ ಆರಿಹೋಗಲಿ
ಮುಂದಿನ ಸಾಲು ಹೇಳು ಬಾ

ಮೊದಲು ಇದನ್ನು ನಿಮಿಷಕ್ಕೆ 100 ಬೀಟ್ ವೇಗದಲ್ಲಿ ಕಟ್ಟಿದ್ದೆವು. ನಾವು ಶೂಟ್ ಮಾಡುವುದು ಸೆಕೆಂಡಿಗೆ 24 ಫ್ರೇಮ್. ಅಂದರೆ ನಿಮಿಷಕ್ಕೆ 1440 ಫ್ರೇಮ್. 100ರ ವೇಗದಲ್ಲಿ ಒಂದು ಬೀಟಿಗೆ 14.4 ಫ್ರೇಮ್ ಬರುತ್ತದೆ. ಅರ್ಧ ಫ್ರೇಮಿನಲ್ಲಿ ಶಾಟ್ ಕತ್ತರಿಸಲು ಆಗದು, ಹಾಗಾಗಿ ಹೆಚ್ಚಿನ ಶಾಟ್‌ಗಳು ಬದಲಾಗುವ ಜಾಗ ಬೀಟಿನ ಹಿಂದೆಯೋ ಮುಂದೆಯೋ ಬೀಳುತ್ತಿತ್ತು. ವೇಗವನ್ನು 96ಕ್ಕೆ ಇಳಿಸಿದೆವು. ಈಗ ಒಂದು ಬೀಟಿಗೆ ಸರಿಯಾಗಿ 15 ಫ್ರೇಮ್. ಎಡಿಟಿಂಗ್ ಮಾಡುವ ಗೆಳತಿ ಅವತ್ತು ನೆಮ್ಮದಿಯಾಗಿ ನಿದ್ದೆ ಮಾಡಿದ್ದಾಳೆ. ಹಾಡಿಗೂ ಆ ನಿಧಾನ ಒಪ್ಪಿತು.

ಭಯಕ್ಕೆ ಏನು ಮಾಡುವುದು ಅಂತ ಜಾಸ್ತಿ ದಿನ ಒದ್ದಾಡಿದೆವು. ಷಡ್ಜದ (ಸ) ಜೊತೆ ಪ್ರತಿ ಮಧ್ಯಮ (ಎರಡು ‘ಮ’ಗಳಲ್ಲಿ ಮೇಲಿನದು) ಇಟ್ಟರೆ ಹೆದರಿಕೆ ಹುಟ್ಟುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕಲ್ಯಾಣಿ ರಾಗದಲ್ಲೂ ಅದೇ ಎರಡು ಸ್ವರ ಇವೆ, ಅದು ಯಾರನ್ನೂ ಹೆದರಿಸುವುದಿಲ್ಲ! ಹಾರ್ಮೋನಿಯಂ ಮುಂದೆ ಕೂತು ಹುಡುಕಿದಾಗ ನಮಗೆ ಸಿಕ್ಕಿದ್ದು ಇಷ್ಟು: ಎರಡೂ ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿಯಬೇಕು, ಅದರ ಮುಂದಿನ ಪಂಚಮಕ್ಕೆ (ಪ) ಹೋಗಬಾರದು. ಕಿವಿ ಪಂಚಮಕ್ಕಾಗಿ ಕಾಯುತ್ತದೆ. ಅದು ಬರುವುದಿಲ್ಲ. ಆ ಕಾಯುವಿಕೆಯಲ್ಲೇ ಭಯ ಇರುವುದು. ಕೊನೆಯ ಹಾಡಿನಲ್ಲಿ ಇಡೀ ತಂಡ ಮೇಷ್ಟ್ರ ಜೊತೆ ಹಾಡುವಾಗ ಮೊದಲ ಬಾರಿ ಪಂಚಮ ಕೊಡುತ್ತೇವೆ. ರೆಕಾರ್ಡಿಂಗ್ ದಿನ ಆ ಜಾಗ ಬಂದಾಗ ನನಗೆ ಕಣ್ಣು ತುಂಬಿತು.

ಪ್ಲೇಬ್ಯಾಕ್ ಬಗ್ಗೆ, ಅಂದರೆ ನಟರು ತುಟಿ ಆಡಿಸಲು ರೆಕಾರ್ಡ್ ಆದ ಹಾಡನ್ನು ಶೂಟಿಂಗಿನಲ್ಲಿ ಹಾಕುವುದರ ಬಗ್ಗೆ, ಒಂದು ಮಾತು. ದೊಡ್ಡ ಸಭಾಂಗಣದಲ್ಲಿ ಸ್ಪೀಕರನ್ನು ಪ್ರೇಕ್ಷಕರ ಕೊನೆಯ ಸಾಲಿನಲ್ಲಿ ಇಟ್ಟಿದ್ದೆವು. ನಟರ ತುಟಿ ಯಾಕೋ ಹಿಂದೆ ಬೀಳುತ್ತಿತ್ತು. ಅವರದು ತಪ್ಪೇ ಇರಲಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಒಂದು ಫ್ರೇಮ್ ಹೊತ್ತಿನಲ್ಲಿ 14 ಮೀಟರ್ ಚಿಲ್ಲರೆ. ಸ್ಪೀಕರ್ ಅಷ್ಟು ದೂರ ಇದ್ದರೆ ಹಾಡು ನಟರ ಕಿವಿಗೆ ಸೇರುವುದೇ ಒಂದು ಫ್ರೇಮ್ ತಡ. ರಂಗದ ಅಂಚಿಗೆ ತಂದಿಟ್ಟೆವು. ಮರುದಿನದಿಂದ ಸರಿಹೋಯಿತು.

ದೆವ್ವ

ಇದರ ಬಗ್ಗೆ ಬರೆಯಲು ವಾರಗಳಿಂದ ಕಾಯುತ್ತಿದ್ದೆ.

ನಾಟಕದ ಕುರಿತ ಚಿತ್ರಕ್ಕೆ ನಾಟಕದ್ದೇ ದೆವ್ವ ಬೇಕು ಅಂತ ಮೊದಲೇ ಹಟ ಹಿಡಿದಿದ್ದೆ. ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ 1862ರಲ್ಲಿ ಜಾನ್ ಹೆನ್ರಿ ಪೆಪ್ಪರ್ ತೋರಿಸಿದ ತಂತ್ರ ಇದೆ. ಅದರ ಮೂಲ ಯೋಚನೆ ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರದು, ಆದರೆ ಹೆಸರು ಉಳಿದಿದ್ದು ಪೆಪ್ಪರದು. ರಂಗದ ಮುಂದೆ ಓರೆಯಾಗಿ ದೊಡ್ಡ ಗಾಜು. ಪ್ರೇಕ್ಷಕರಿಗೆ ಕಾಣದ ಕಡೆ ಕಪ್ಪು ಗೋಡೆಯ ಮುಂದೆ ದೆವ್ವದ ವೇಷದ ನಟ. ಅವನ ಮೇಲೆ ಬೆಳಕು ಬಿಟ್ಟರೆ ಗಾಜಿನಲ್ಲಿ ಅವನ ಬಿಂಬ ಮೂಡಿ, ರಂಗದ ಮೇಲೆ ನಿಂತಂತೆ ಕಾಣುತ್ತದೆ. ಗಾಜಿನಿಂದ ಅವನು ಎಷ್ಟು ದೂರ ಇದ್ದಾನೋ, ಗಾಜಿನ ಆಚೆ ಅಷ್ಟೇ ದೂರದಲ್ಲಿ ಬಿಂಬ.

ಮೊದಲು ನಾವೂ ದೊಡ್ಡ ಗಾಜನ್ನೇ ತಂದೆವು. 6 ಮಿಲಿಮೀಟರ್ ದಪ್ಪ, ನಾಲ್ಕು ಜನ ಹೊರಬೇಕು. ಅದರಲ್ಲಿ ಮೇಷ್ಟ್ರಿಗೆ ಎರಡು ಮೂಗು ಬಂತು. ಗಾಜಿನ ಮುಂದಿನ ಮೈ ಒಂದು ಬಿಂಬ ಕೊಡುತ್ತದೆ, ಹಿಂದಿನ ಮೈ ಇನ್ನೊಂದು. ಆ ದಪ್ಪಕ್ಕೆ ಎರಡರ ನಡುವೆ ನಾಲ್ಕೂವರೆ ಮಿಲಿಮೀಟರ್ ಅಂತರ. ಹತ್ತಿರದ ಶಾಟಿನಲ್ಲಿ ಅದು ಎದ್ದು ಕಾಣುತ್ತದೆ. ತೆಳು ಅಕ್ರಿಲಿಕ್ ಹಾಳೆ ಹಾಕಿದರೆ ಅದು ಬಾಗಿ, ಮುಖ ಅಲೆ ಅಲೆಯಾಯಿತು.

ಒಂದು ರಾತ್ರಿ ಮಲಗಿದ್ದಾಗ ಹೊಳೆಯಿತು. ಪೆಪ್ಪರನ ದೆವ್ವವನ್ನು ಇಡೀ ಸಭೆ ನೋಡಬೇಕಿತ್ತು. ನಮ್ಮದನ್ನು ನೋಡಬೇಕಾದದ್ದು ಒಂದು ಲೆನ್ಸ್ ಮಾತ್ರ! ಫೋಟೊ ಫ್ರೇಮಿಗೆ ಹಾಕುವ 2 ಮಿಲಿಮೀಟರ್ ಗಾಜಿನ ತುಂಡನ್ನು ಲೆನ್ಸಿನ ಮುಂದೆಯೇ ಓರೆಯಾಗಿ ನಿಲ್ಲಿಸಿದೆವು. ಎರಡು ಬಿಂಬ ಒಂದರ ಮೇಲೊಂದು ಕೂತವು. ಮೇಷ್ಟ್ರು ನಿಂತರು.

ಬೆಳಕು ಮಾತ್ರ ಕಷ್ಟ ಕೊಟ್ಟಿತು. ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 100ಕ್ಕೆ ಸುಮಾರು 10 ಭಾಗ ಮಾತ್ರ ತಿರುಗಿಸುತ್ತದೆ. ಉಳಿದದ್ದು ಆಚೆ ಹೋಗುತ್ತದೆ. ಹಾಗಾಗಿ ದೆವ್ವದ ಪಾತ್ರಧಾರಿಯ ಮೇಲೆ ರಂಗಕ್ಕಿಂತ ಎಷ್ಟೋ ಪಟ್ಟು ಬೆಳಕು ಬೇಕು. ಆ ಶಾಖದಲ್ಲಿ ನಿಂತು, ಎದುರಿಗೆ ಯಾರೂ ಕಾಣದೆ, ಕಪ್ಪು ಬಟ್ಟೆಯ ಮೇಲಿನ ಗುರುತುಗಳನ್ನೇ ಸಹನಟರು ಅಂದುಕೊಂಡು ಹಾಡಬೇಕು. ನಮ್ಮ ಹಿರಿಯ ನಟರು ಒಂದು ದಿನವೂ ಬೇಸರಪಡಲಿಲ್ಲ.

ಇನ್ನೊಂದು ಸಂಗತಿ ಆಕಸ್ಮಿಕವಾಗಿ ಸಿಕ್ಕಿತು. ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿದ್ದು ಹಾಗೇ ಉಳಿದಿತ್ತು. ಯಾರೋ ಅದನ್ನು ಸುಮ್ನೆ ತಿರುಗಿಸಿದರು. ರಂಗ ಹಾಗೇ ಇದೆ, ಮೇಷ್ಟ್ರು ಮಾತ್ರ ಕರಗುತ್ತಾ ಹೋದರು! ಗಾಜಿನಿಂದ ಓರೆಯಾಗಿ ತಿರುಗಿದ ಬೆಳಕು ಜಾಸ್ತಿ ಒಂದೇ ದಿಕ್ಕಿಗೆ ಕಂಪಿಸುತ್ತದೆ. ಫಿಲ್ಟರ್ ಆ ದಿಕ್ಕನ್ನು ತಡೆದರೆ ಬಿಂಬ ಹೋಗುತ್ತದೆ, ಬಿಟ್ಟರೆ ಬರುತ್ತದೆ. ಬೆಳಕು ಗಾಜಿಗೆ ಲಂಬವಾದ ಗೆರೆಯಿಂದ 45ರ ಬದಲು 56 ಡಿಗ್ರಿ ಓರೆಯಲ್ಲಿ ಬೀಳುವಂತೆ ಇಟ್ಟರೆ ಬಿಂಬ ಹೆಚ್ಚುಕಡಿಮೆ ಪೂರ್ತಿ ಮಾಯ. ಗಾಜು ತಿರುಗಿಸಿ, ಅದಕ್ಕೆ ಸರಿಯಾಗಿ ಪಾತ್ರಧಾರಿಯ ಜಾಗ ಬದಲಿಸಿದೆವು. ಈಗ ದೆವ್ವ ಬರುವುದು ಹೋಗುವುದು ಎಲ್ಲ ಒಂದು ಬೆರಳಿನ ಕೆಲಸ. ಆ ಉಂಗುರ ತಿರುಗಿಸುವ ಹುಡುಗಿ ಈಗ ಹಾಡಿನ ತಾಳ ಕಲಿತಿದ್ದಾಳೆ. ನಾಲ್ಕು ಬೀಟಿಗೆ ಬರುವುದು, ಎಂಟು ಬೀಟಿಗೆ ಹೋಗುವುದು.

ಬಿಂಬದಲ್ಲಿ ಎಡಬಲ ಅದಲುಬದಲಾಗುತ್ತದೆ. ಮೇಷ್ಟ್ರ ಕೈಯ ಪುಸ್ತಕದ ಮೇಲಿನ ಅಕ್ಷರ ಉಲ್ಟಾ ಬಂತು. ರಟ್ಟಿಗೆ ಬರಿ ಕಾಗದ ಸುತ್ತಿದೆವು. ಅಷ್ಟೇ.

ಈಗ

ಒರಟು ಎಡಿಟ್ 14 ನಿಮಿಷ ಇದೆ. 12ಕ್ಕೆ ತರಬೇಕು. ಎರಡನೇ ಹಾಡಿನ ಒಂದು ಚರಣ ಹೋಗಲೇಬೇಕು, ಮನಸ್ಸು ಒಪ್ಪುತ್ತಿಲ್ಲ. ಮೀಸೆಯ ಶಾಟ್ ಕತ್ತರಿಸುವುದು ನಾಲ್ಕು ಫ್ರೇಮ್ ಬೇಗ ಆದರೆ ನಗು ಬರುವುದಿಲ್ಲ, ನಾಲ್ಕು ಫ್ರೇಮ್ ತಡವಾದರೆ ಭಯ ಹೋಗುತ್ತದೆ. ಅಲ್ಲೇ ಮೂರು ಸಂಜೆ ಕಳೆದಿವೆ.

ಕೊನೆಯ ಶಾಟ್ ಇನ್ನೂ ತೆಗೆದಿಲ್ಲ. ಎಷ್ಟೋ ರಂಗಮಂದಿರಗಳಲ್ಲಿ ಎಲ್ಲರೂ ಹೋದ ಮೇಲೆ ಖಾಲಿ ರಂಗದ ನಡುವೆ ಒಂದು ಬಲ್ಬ್ ಉರಿಯಲು ಬಿಡುತ್ತಾರೆ. ಕತ್ತಲಲ್ಲಿ ಬಂದವರು ಎಡವಿ ಬೀಳದಿರಲಿ ಅಂತ. ಅದನ್ನು ದೆವ್ವದ ದೀಪ ಅಂತಲೇ ಕರೆಯುತ್ತಾರೆ. ನಮ್ಮ ಚಿತ್ರದಲ್ಲಿ ನಾಟಕ ಮುಗಿದು, ತಂಡ ಹೊರಟಾಗ, ಎಲ್ಲರಿಗಿಂತ ಕಿರಿಯ ನಟಿ ವಾಪಸ್ ಬಂದು ಆ ಬಲ್ಬ್ ಹಚ್ಚುತ್ತಾಳೆ. ಪಕ್ಕದಲ್ಲಿ ಒಂದು ಕುರ್ಚಿ ಹಾಕಿ, ಮುಂದಿನ ನಾಟಕದ ಪುಸ್ತಕ ಇಡುತ್ತಾಳೆ. ಪುಟ ತಾನಾಗಿ ತಿರುಗಬೇಕು. ದಾರ ಕಟ್ಟಿ ನೋಡಿದೆವು, ದಾರ ಬೆಳಕಿಗೆ ಹೊಳೆಯುತ್ತದೆ. ಬರುವ ಭಾನುವಾರ ಕುರ್ಚಿಯ ಕೆಳಗಿನಿಂದ ಕೊಳವೆ ಹಾಕಿ ಗಾಳಿ ಊದಿ ನೋಡುತ್ತೇವೆ.