ಕೆಲಸ ಬಿಟ್ಟ ಮೇಲಿನ ಒಂದು ಮಂಗಳವಾರ

ನಾನು ಲೈಫ್ ಕೋಚ್ ಅಂದ ತಕ್ಷಣ ಜನ ಕೇಳುವುದು ಒಂದೇ ಪ್ರಶ್ನೆ. "ಹಾಗಾದ್ರೆ ನೀವು ಸಲಹೆ ಕೊಡ್ತೀರಾ?"

ಇಲ್ಲ, ಕೊಡುವುದಿಲ್ಲ. ಸಲಹೆ ಕೊಡುವವರು ಎಲ್ಲರಿಗೂ ಇದ್ದಾರೆ. ಮಾವ ಇದ್ದಾರೆ, ಚಿಕ್ಕಪ್ಪ ಇದ್ದಾರೆ, ಆಫೀಸಿನ ಸೀನಿಯರ್ ಇದ್ದಾರೆ. ದೊಡ್ಡ ನಿರ್ಧಾರದ ಮುಂದೆ ನಿಂತವರು ಅದನ್ನು ಸುತ್ತ ತಿರುಗಿ ಪೂರ್ತಿ ನೋಡುವವರೆಗೆ ಜೊತೆಗೆ ಕೂರುವುದು ನನ್ನ ಕೆಲಸ. ನಿರ್ಧಾರ ಅವರದ್ದೇ.

ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಬೆಂಗಳೂರಿನ ಔಟರ್ ರಿಂಗ್ ರೋಡ್, ಮಾನ್ಯತಾ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರು. ಬರುವ ಕಾರಣವೂ ಬಹುಪಾಲು ಒಂದೇ. "ಕೆಲಸ ಬಿಟ್ಟುಬಿಡೋಣ ಅನ್ಸ್ತಿದೆ."

ನಮಗೆ ತರಬೇತಿಯಲ್ಲಿ ಗ್ರೋ ಅನ್ನುವ ಪದ್ಧತಿ ಹೇಳಿಕೊಡುತ್ತಾರೆ. ಬ್ರಿಟನ್ನಿನ ಜಾನ್ ವಿಟ್ಮೋರ್ 1990ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಮೊದಲು ಗುರಿ ಏನು ಅಂತ ಕೇಳಬೇಕು, ಆಮೇಲೆ ಈಗಿನ ಸ್ಥಿತಿ, ಆಮೇಲೆ ಇರುವ ದಾರಿಗಳು, ಕೊನೆಗೆ ಯಾವುದನ್ನು ಮಾಡ್ತೀರಿ ಅನ್ನುವುದು. ಒಳ್ಳೆಯ ಪದ್ಧತಿ. ಆದರೆ ನಾನು ಗುರಿಯಿಂದ ಶುರು ಮಾಡುವುದಿಲ್ಲ.

ಯಾಕೆ ಅಂದರೆ, "ನಿಮಗೇನು ಬೇಕು?" ಅಂತ ಕೇಳಿದರೆ ನಮ್ಮವರು ಮನೆಯವರ ಪರವಾಗಿ ಉತ್ತರ ಕೊಡುತ್ತಾರೆ. ಮಕ್ಕಳು ಚೆನ್ನಾಗಿ ಓದಬೇಕು, ಅಪ್ಪ ಅಮ್ಮ ನೆಮ್ಮದಿಯಾಗಿರಬೇಕು, ಮನೆ ಸಾಲ ತೀರಬೇಕು. ಕೆಲವು ಕೋಚ್‌ಗಳು ಇಲ್ಲಿ ತಡೆಯುತ್ತಾರೆ. "ಮನೆಯವರನ್ನು ಪಕ್ಕಕ್ಕಿಡಿ, ನಿಮ್ಮ ಆಸೆ ಮಾತ್ರ ಹೇಳಿ" ಅನ್ನುತ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ಆ ಉತ್ತರ ಸುಳ್ಳಲ್ಲ. ತಮ್ಮ ಜೀವನದಲ್ಲಿ ಯಾರ್ಯಾರಿಗೆ ಜಾಗ ಇದೆ ಅಂತ ಅವರು ನನಗೆ ಹೇಳುತ್ತಿದ್ದಾರೆ. ಅದನ್ನು ಪಕ್ಕಕ್ಕಿಟ್ಟು ತೆಗೆದುಕೊಂಡ ನಿರ್ಧಾರ ಭಾನುವಾರದ ಊಟದ ಹೊತ್ತಿಗೆ ಮುರಿದು ಬೀಳುತ್ತದೆ.

ಹಾಗಾಗಿ ನಾನು ಕೇಳುವುದು ಬೇರೆ. "ನೀವು ಅಂದುಕೊಂಡ ಹಾಗೇ ಆಯ್ತು ಅಂತ ಇಟ್ಕೊಳ್ಳಿ. ಆರು ತಿಂಗಳಾಗಿದೆ. ಒಂದು ಮಂಗಳವಾರ. ಎದ್ದಾಗಿನಿಂದ ಮಲಗೋ ತನಕ ಏನೇನು ನಡೆಯುತ್ತೆ, ಹೇಳಿ."

ಈ ಪ್ರಶ್ನೆ ನನಗೆ ಯಾವ ತರಗತಿಯಲ್ಲೂ ಸಿಕ್ಕಿದ್ದಲ್ಲ. ರಾಜಾಜಿನಗರದ ವಠಾರದ ನಮ್ಮ ಮನೆಯಲ್ಲಿ ಸಿಕ್ಕಿದ್ದು. ಅಪ್ಪ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವವರು, ಆಗಿದ್ದರು. ಅವರ ಶಿಫ್ಟ್ ನೋಡಿಕೊಂಡೇ ಮನೆಯ ಊಟ, ನಿದ್ದೆ, ನಮ್ಮ ಓದು ಎಲ್ಲವೂ ನಡೆಯುತ್ತಿತ್ತು. ಕಾರ್ಖಾನೆ ನಷ್ಟಕ್ಕೆ ಬಿದ್ದು ವಿಆರ್‌ಎಸ್ (ಸ್ವಯಂ ನಿವೃತ್ತಿ) ಕೊಟ್ಟಾಗ ಅಪ್ಪ ತೆಗೆದುಕೊಂಡರು. ಒಟ್ಟಿಗೆ ಒಂದಿಷ್ಟು ದುಡ್ಡು ಬಂತು. ದುಡ್ಡಿನ ಜೊತೆ ಸಲಹೆಯೂ ಬಂತು. ಸೈಟ್ ತಗೋ ಅಂದರು, ಬ್ಯಾಂಕಿಗೆ ಹಾಕು ಅಂದರು, ಪ್ರಾವಿಜನ್ ಸ್ಟೋರ್ ಇಡು ಅಂದರು. ಎಲ್ಲರದ್ದೂ ದುಡ್ಡಿನ ಮಾತು. ಕಾರ್ಖಾನೆಯಲ್ಲಿ ಅಪ್ಪನ ಜೊತೆಗಿದ್ದ ಗೆಳೆಯರೊಬ್ಬರು ಮಾತ್ರ ಕೇಳಿದರು, "ಅಲ್ಲಪ್ಪಾ, ನಾಳೆಯಿಂದ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತೀಯಾ?"

ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಸ್ನೇಹಿತರು ಉತ್ತರಕ್ಕೆ ಅವಸರ ಮಾಡಲಿಲ್ಲ, ತಾವೇ ಒಂದು ದಾರಿ ಹೇಳಿಯೂ ಕೊಡಲಿಲ್ಲ. ಕಾಫಿ ಕುಡಿದು ಕೂತರು. ಕೊನೆಗೆ ಅಪ್ಪ ಅಂದರು, "ನಂಗೆ ಲೇತ್ ಬಿಟ್ರೆ ಏನೂ ಬರಲ್ಲ, ಅದರ ಹತ್ರಾನೇ ಇರ್ಬೇಕು." ಪೀಣ್ಯದ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಹೊಸ ಹುಡುಗರಿಗೆ ಲೇತ್ ಕೆಲಸ ಕಲಿಸುವುದಕ್ಕೆ ಹೋಗತೊಡಗಿದರು. ಸಂಬಳ ಕಡಿಮೆ. ಆದರೆ ಮನುಷ್ಯ ಗಟ್ಟಿಯಾಗಿ ಉಳಿದರು. ದುಡ್ಡು ಬ್ಯಾಂಕಿಗೇ ಹೋಯಿತು, ಅದರ ಬಗ್ಗೆ ಮತ್ತೆ ಯಾರೂ ಚರ್ಚೆ ಮಾಡಲಿಲ್ಲ.

ಆಮೇಲೆ ನಾನು ಸಾಫ್ಟ್‌ವೇರ್ ಕಂಪನಿಯೊಂದರ ಎಚ್‌ಆರ್ ವಿಭಾಗ ಸೇರಿದೆ. ಕೆಲಸ ಬಿಡುವವರ ಕೊನೆಯ ಮಾತುಕತೆ ನಡೆಸುವುದು ನನ್ನ ಪಾಲಿಗೆ ಬಂತು. ಫಾರ್ಮ್‌ನಲ್ಲಿ "ವೈಯಕ್ತಿಕ ಕಾರಣ" ಅಂತ ಬರೆದಿರುತ್ತಿದ್ದರು. ಫಾರ್ಮ್ ಮುಚ್ಚಿಟ್ಟು ಮಾತಿಗೆ ಕೂತರೆ ಗೊತ್ತಾಗುತ್ತಿತ್ತು, ಎಷ್ಟೋ ಜನಕ್ಕೆ ಬಿಡುವುದು ಗೊತ್ತು, ಬಿಟ್ಟ ಮೇಲಿನ ದಿನ ಗೊತ್ತಿಲ್ಲ. ಆ ಕೋಣೆಯಲ್ಲೇ ನನಗೆ ಈ ಕೆಲಸದ ಮೇಲೆ ಮನಸ್ಸಾಯಿತು.

ಒಂದು ಉದಾಹರಣೆ ಹೇಳುತ್ತೇನೆ. ಅವರ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ನಾಗರಭಾವಿಯವರು, ನಲವತ್ತರ ಆಸುಪಾಸು. ತಿಪಟೂರಿನ ಹತ್ತಿರ ತೆಂಗಿನ ತೋಟ ಇದೆ, ಅಪ್ಪ ನೋಡಿಕೊಳ್ಳುತ್ತಾರೆ. "ರಾಜೀನಾಮೆ ಕೊಟ್ಟು ತೋಟಕ್ಕೆ ಹೋಗ್ಬೇಕು ಮೇಡಂ" ಅಂದರು. ಮಂಗಳವಾರ ಹೇಳಿ ಅಂದೆ. ಶುರು ಚೆನ್ನಾಗಿತ್ತು. ಆರು ಗಂಟೆಗೆ ತೋಟ, ತಂಪು ಗಾಳಿ, ತಿಂಡಿ. ಹತ್ತು ಗಂಟೆಯಾದ ಮೇಲೆ ಮಾತು ನಿಧಾನವಾಯಿತು. ಮಧ್ಯಾಹ್ನ ಮೂರೂವರೆಗೆ ಮಗಳನ್ನು ಸ್ಕೂಲಿಂದ ಕರೆದುಕೊಂಡು ಬರಬೇಕು. ಸ್ಕೂಲ್ ಎಲ್ಲಿ? ನಾಗರಭಾವಿಯಲ್ಲಿ. ಹೆಂಡತಿ ಬ್ಯಾಂಕ್ ಉದ್ಯೋಗಿ, ಅವರ ಶಾಖೆ ಎಲ್ಲಿ? ಅದೂ ಇಲ್ಲೇ. ಅವರ ಮಂಗಳವಾರದ ಅರ್ಧ ತಿಪಟೂರಿನಲ್ಲಿ, ಅರ್ಧ ಬೆಂಗಳೂರಿನಲ್ಲಿ ಇತ್ತು. ಅದು ಅವರಿಗೇ ಕಾಣಿಸಿತು. ನಾನು ಏನೂ ಹೇಳಬೇಕಾಗಲಿಲ್ಲ.

ಆಮೇಲೆ ದುಡ್ಡಿನ ಲೆಕ್ಕ. ಉಂಡೆ ಕೊಬ್ಬರಿ ಮಾಡಬೇಕು ಅಂದರೆ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು. ನೀರು ಒಳಗೇ ಇಂಗಿ ಕೊಬ್ಬರಿ ಗಿಟಕಾಗಬೇಕು. ಆಮೇಲೆ ಎಪಿಎಂಸಿ ಮಾರುಕಟ್ಟೆಯಲ್ಲಿ ಹರಾಜು. ಅಂದರೆ ಇವತ್ತು ಕಿತ್ತ ಕಾಯಿಗೆ ದುಡ್ಡು ಬರುವುದು ಮುಂದಿನ ವರ್ಷ. ಇತ್ತ ಮನೆ ಸಾಲದ ಕಂತು ತಿಂಗಳು ತಿಂಗಳೂ ಕಟ್ಟಬೇಕು. ಕಂಪನಿಯಲ್ಲಿ 90 ದಿನದ ನೋಟಿಸ್. ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿ ಹಣಕ್ಕೆ 5 ವರ್ಷ ತುಂಬಬೇಕು, ಅವರಿಗೆ ಇನ್ನೂ ಕೆಲವು ತಿಂಗಳು ಬಾಕಿ. "ತೋಟದ ದುಡ್ಡು ಯಾವ್ಯಾವ ತಿಂಗಳು ಕೈಗೆ ಬರುತ್ತೆ?" ಅಂತ ಕೇಳಿದೆ. ಗೊತ್ತಿರಲಿಲ್ಲ. ಅಪ್ಪನನ್ನು ಯಾವತ್ತೂ ಕೇಳಿರಲಿಲ್ಲ. ಆ ವಾರದ ಕೆಲಸ ಅದೇ ಆಯಿತು: ಅಪ್ಪನ ಪಕ್ಕ ಕೂತು ಒಂದು ವರ್ಷದ ಲೆಕ್ಕ ಬರೆದುಕೊಂಡು ಬರುವುದು.

ಬರೆದುಕೊಂಡು ಬಂದರು. ಲೆಕ್ಕಕ್ಕಿಂತ ಜಾಸ್ತಿ ಅಪ್ಪನ ಬಗ್ಗೆಯೇ ಮಾತಾಡಿದರು. ಅಪ್ಪನಿಗೆ ಮಂಡಿ ನೋವು, ಕಾಯಿ ಕೀಳುವವರು ಸಿಗುತ್ತಿಲ್ಲ, ಮಗ ವಾಪಸ್ ಬರ್ತಾನೆ ಅನ್ನುವ ಆಸೆಗಿಂತ ಕೆಲಸ ಬಿಟ್ಟುಬಿಡ್ತಾನೆ ಅನ್ನುವ ಭಯವೇ ದೊಡ್ಡದು. ಕೊನೆಗೆ ಅವರು ರಾಜೀನಾಮೆ ಕೊಡಲಿಲ್ಲ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುವ ಅನುಮತಿ ಕೇಳಿ ಪಡೆದರು. ಆ ದಿನಗಳಿಗೆ ರೈಲು ಹತ್ತಿ ಊರಿಗೆ ಹೋಗಿ ಅಪ್ಪನ ಹತ್ತಿರ ತೋಟ ಕಲಿಯುತ್ತಿದ್ದಾರೆ. ಇದು ಅರ್ಧಂಬರ್ಧ ನಿರ್ಧಾರ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಹೊರಬಲ್ಲಷ್ಟು ದೊಡ್ಡ ನಿರ್ಧಾರ ಅದು.

ಎಲ್ಲರಿಗೂ ಈ ಪ್ರಶ್ನೆ ಕೇಳುವ ಹಾಗಿಲ್ಲ. ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡ ಅನ್ನುವವರಿಗೆ ಮಂಗಳವಾರದ ಚಿತ್ರ ಬರುವುದೇ ಇಲ್ಲ. ಅವರಿಗೆ ಬೇಕಾದದ್ದು ಚಿಕಿತ್ಸೆ. ಅಲ್ಲಿ ಕೋಚ್ ಕೈ ಹಾಕಬಾರದು. ಹೊಸೂರು ರಸ್ತೆಯ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈ ನಂಬರ್ ಬರೆದ ಚೀಟಿ ನನ್ನ ಮೇಜಿನ ಮೇಲೆ ಬಂದವರಿಗೆ ಕಾಣುವ ಹಾಗೆ ಇರುತ್ತದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ದೇಶದಲ್ಲಿ ಲೈಫ್ ಕೋಚ್ ಆಗಲು ಯಾವ ಲೈಸೆನ್ಸೂ ಬೇಕಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ನಮಗೆ ಅಂಥದ್ದಿಲ್ಲ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಕೊಡುವ ಪ್ರಮಾಣಪತ್ರ ಇದೆ. ಮೊದಲ ಹಂತಕ್ಕೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಅದನ್ನು ಪಡೆಯುವುದು ಕಡ್ಡಾಯವಲ್ಲ. ಹಾಗಾಗಿ ದುಡ್ಡು ಕೊಡುವ ಮೊದಲು ನೀವೇ ಕೇಳಬೇಕು. ಎಲ್ಲಿ ಕಲಿತಿರಿ? ನಾನು ಹೇಳಿದ್ದನ್ನು ಯಾರಿಗೆಲ್ಲ ಹೇಳ್ತೀರಿ? ನನಗೆ ಡಾಕ್ಟರ್ ಬೇಕು ಅನ್ನಿಸಿದರೆ ಏನು ಮಾಡ್ತೀರಿ? ಸಾಕು ಅನ್ನಿಸಿದರೆ ನಡುವೆ ಬಿಡಬಹುದಾ, ಉಳಿದ ದುಡ್ಡು ವಾಪಸ್ ಕೊಡ್ತೀರಾ? ಇದಕ್ಕೆಲ್ಲ ನೇರ ಉತ್ತರ ಸಿಗದಿದ್ದರೆ ಎದ್ದು ಬನ್ನಿ. ನನ್ನ ಹತ್ತಿರ ಬಂದರೂ ಮೊದಲು ಇವನ್ನೇ ಕೇಳಿ. ಮೊದಲ ಭೇಟಿಯ ಸಮಯವನ್ನು ನಾನು ಇಟ್ಟುಕೊಂಡಿರುವುದೇ ಅದಕ್ಕೆ.