ಫೈಬರ್ ದೋಣಿಯ ತಳ ಸೀಳಿದರೆ

ದುಬಾರೆಯ ಹೊಳೆಗಲ್ಲಿಗೆ ಉಜ್ಜಿದ್ದಿರಲಿ, ತೋಟದ ಕೆರೆಯ ದಡಕ್ಕೆ ಎಳೆದೆಳೆದು ಸವೆದದ್ದಿರಲಿ, ಹಳೇ ಫೈಬರ್ ದೋಣಿಯಲ್ಲಿ ಸೀಳು ಕಂಡರೆ ಮೊದಲು ಕೈ ಹೋಗುವುದು ಪುಟ್ಟಿಗೆ. ಅದು ನಿಲ್ಲುವುದಿಲ್ಲ. ಆಳು ಹತ್ತಿದಾಗ ತಳ ಬಾಗುತ್ತದೆ, ಪುಟ್ಟಿ ಬಾಗುವುದಿಲ್ಲ. ಅದೇ ಗೆರೆಯಲ್ಲಿ ಮತ್ತೆ ಬಾಯಿ ಬಿಡುತ್ತದೆ.

ಜೇಡರ ಬಲೆಯಂಥ ಕೂದಲೆಳೆ ಗೆರೆಗಳಾದರೆ ಬಹುಪಾಲು ಮೇಲಿನ ನುಣುಪು ಪದರವಾದ ಜೆಲ್‌ಕೋಟ್ ಮಾತ್ರ ಒಡೆದಿರುತ್ತದೆ. ಖಚಿತವಾಗಬೇಕಾದರೆ ನಾಣ್ಯದಿಂದ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಡಬ್ ಎನ್ನುತ್ತದೆ. ಡಬ್ ಎಂದಷ್ಟಕ್ಕೂ ಪೆನ್ಸಿಲ್ ಗುರುತು ಹಾಕಿ. ಕಣ್ಣಿಗೆ ಕಂಡ ಸೀಳಿಗಿಂತ ಅದು ದೊಡ್ಡದೇ ಇರುತ್ತದೆ.

ಕೊಡಗಿನಲ್ಲಿ ಈ ಕೆಲಸಕ್ಕೆ ಕಾಲ ಅಂದರೆ ಕಾಫಿ ಒಣಗಿಸಿ ಕಣ ಖಾಲಿಯಾದ ಮೇಲೆ. ಜೂನ್ ನಂತರ ಕೈ ಹಾಕಲೇಬೇಡಿ. ದೋಣಿಯನ್ನು ಕಣದಲ್ಲಿ ಬೋರಲು ಹಾಕಿ ಎರಡು ಮೂರು ವಾರ ಒಣಗಿಸಿ, ಹೂಮಳೆ ಬಂದರೆ ಟಾರ್ಪಾಲು ಹೊದಿಸಿ. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು, ಸೀಳಿನ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಬಿಸಿಲಿಗೆ ಹಾಳೆಯ ಒಳಮೈ ಬೆವೆತರೆ ಇನ್ನೂ ಕಾಯಬೇಕು. ಒದ್ದೆ ಫೈಬರಿಗೆ ರೆಸಿನ್ (ಪದರಗಳನ್ನು ಹಿಡಿಸುವ ಅಂಟುದ್ರವ) ಹಿಡಿಯದೆ ಇಡೀ ತೇಪೆ ಚಕ್ಕೆಯಾಗಿ ಎದ್ದು ಬರುತ್ತದೆ.

ಗ್ರೈಂಡರಿಗೆ 40 ನಂಬರ್ ಡಿಸ್ಕ್ ಹಾಕಿ ಸೀಳನ್ನು ಇಳಿಜಾರಾಗಿ ಕೆತ್ತಿ, ಸೀಳಿನ ಕಡೆಗೆ ತಳ ತೆಳುವಾಗುತ್ತಾ ಹೋಗಬೇಕು. ದಪ್ಪಕ್ಕೆ 12 ಪಟ್ಟು ಅಗಲ: ತಳ 5 ಮಿ.ಮೀ. ಇದ್ದರೆ ಸೀಳಿನ ಎರಡೂ ಬದಿಗೆ 60 ಮಿ.ಮೀ. ಇಷ್ಟೊಂದು ಯಾಕೆ ಎಂದು ಜಿಪುಣತನ ಮಾಡುವವರೇ ಹೆಚ್ಚು, ಹೊಸ ಪದರಕ್ಕೆ ಹಿಡಿತ ಸಿಗುವುದೇ ಆ ಅಗಲದಿಂದ. ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಬೇಕೇ ಬೇಕು. ಗಾಜಿನ ಪುಡಿಯ ತುರಿಕೆ ಸ್ನಾನಕ್ಕೂ ಬಗ್ಗುವುದಿಲ್ಲ. ಕೊನೆಗೆ ಅಸಿಟೋನ್ ಬಟ್ಟೆಯಿಂದ ಒರೆಸಿ. ಸೀಳು ಆರಪಾರಾಗಿದ್ದರೆ ಒಳಗಿನಿಂದ ಮೇಣ ಹಚ್ಚಿದ ಹಲಗೆಯ ಆಸರೆ ಕೊಡಿ.

ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ (ಗಾಜಿನ ಎಳೆಗಳ ಹಾಳೆ) ಒಂದು ಪದರಕ್ಕೆ ಹೆಚ್ಚುಕಮ್ಮಿ 1 ಮಿ.ಮೀ. ದಪ್ಪ ಕೊಡುತ್ತದೆ, ಹಾಗಾಗಿ 5 ಮಿ.ಮೀ. ತಳಕ್ಕೆ ಒಂದಕ್ಕಿಂತ ಒಂದು ಚಿಕ್ಕದಾದ ಐದು ತುಂಡು. ಮ್ಯಾಟಿನ ತೂಕದ ಎರಡೂವರೆ ಪಟ್ಟು ಪಾಲಿಯೆಸ್ಟರ್ ರೆಸಿನ್. 15 ಸೆಂ.ಮೀ. ಸೀಳಿಗೆ 200 ಗ್ರಾಂ ರೆಸಿನ್ ಸಾಕು, ಅದನ್ನೂ 100 ಗ್ರಾಂನಂತೆ ಎರಡು ಸಲ ಕಲಸಿ. 100 ಗ್ರಾಂಗೆ ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಸೇರಿಸುವ ದ್ರಾವಣ) 1 ಗ್ರಾಂ ಹಾಕಿ ಚೆನ್ನಾಗಿ ಕಲಸಿದ ಮೇಲೆ, ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಒಂದೂವರೆ ಗ್ರಾಂ. ಕೋಬಾಲ್ಟನ್ನೂ ಹಾರ್ಡ್‌ನರನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸಿಡಿಯುತ್ತದೆ, ಇದು ತಮಾಷೆಯಲ್ಲ. ಕೋಬಾಲ್ಟ್ ಮೊದಲೇ ಸೇರಿಸಿದ ರೆಸಿನ್ನೂ ಬರುತ್ತದೆ, ಅಂಗಡಿಯಲ್ಲಿ ಕೇಳಿಕೊಳ್ಳಿ.

ಇಬ್ಬನಿ ಪೂರಾ ಆರಿದ ಮೇಲೆ, ನೆರಳಲ್ಲಿ ಹಚ್ಚಿ. ನಡುಮಧ್ಯಾಹ್ನದ ಕಣದಲ್ಲಾದರೆ ಡಬ್ಬಿಯಲ್ಲೇ ರೆಸಿನ್ ಗಟ್ಟಿಯಾಗುತ್ತದೆ. ದೊಡ್ಡ ತುಂಡು ಮೊದಲು, ಚಿಕ್ಕದು ಕೊನೆಗೆ. ಆಗ ಮೇಲೆ ಉಜ್ಜಿದರೂ ಅಡಿಯ ದೊಡ್ಡ ಪದರ ಕಡಿಯುವುದಿಲ್ಲ. ಬ್ರಶ್ಶಿನಿಂದ ಬಳಿಯಬೇಡಿ, ಕುಟ್ಟಿ. ಬಿಳಿ ಮ್ಯಾಟ್ ಪಾರದರ್ಶಕವಾಗುವವರೆಗೆ ಕುಟ್ಟಿ, ಉಳಿದ ಗಾಳಿಯನ್ನು ರೋಲರಿನಿಂದ ಅಂಚಿಗೆ ಓಡಿಸಿ. ಬಿಳಿ ಚುಕ್ಕೆ ಉಳಿದರೆ ಅಲ್ಲಿ ರೆಸಿನ್ ಹೋಗಿಲ್ಲ ಎಂದೇ ಅರ್ಥ.

ಮರುದಿನ 80ರ ಪೇಪರಿನಿಂದ ಸಮ ಮಾಡಿ ಜೆಲ್‌ಕೋಟ್ ಹಚ್ಚಿ. ಗಾಳಿ ತಾಗಿದರೆ ಅದರ ಮೇಲ್ಮೈ ಅಂಟಂಟಾಗಿಯೇ ಉಳಿಯುವುದರಿಂದ ಮೇಣದ ದ್ರಾವಣ ಬೆರೆಸಿದ್ದನ್ನೇ ಕೊಳ್ಳಿ. 220, 400, 600ರಲ್ಲಿ ಉಜ್ಜಿ. ವಾರ ಬಿಟ್ಟು ದೋಣಿಯನ್ನು ಎರಡು ಮರದ ದಿಮ್ಮಿಗಳ ಮೇಲಿಟ್ಟು ಒಳಗೆ ನಾಲ್ಕು ಕೊಡ ನೀರು ಹೊಯ್ದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೇಪೆಯ ಅಡಿಗೆ ಒಣ ಬೂದಿ ಹಚ್ಚಿ ನೋಡಿ. ಕಪ್ಪು ಗೆರೆ ಮೂಡದಿದ್ದರೆ ನೀರಿಗಿಳಿಸಬಹುದು.